ಹಲಗೆಯ ಮೇಲಿನ ಬ್ಯಾಟರಿ

ಚನ್ನಗಿರಿಯಿಂದ ತಮ್ಮ ಫೋನು ಮಾಡಿದಾಗ ನಾನು ಅಕ್ಕಿ ಆರಿಸುತ್ತ ಕೂತಿದ್ದೆ. ತವರುಮನೆಯ ಪಕ್ಕದ ದೊಡ್ಡಮ್ಮ ತೀರಿಕೊಂಡರು ಎಂದ. ಮಧ್ಯಾಹ್ನ ಊಟ ಮಾಡಿ, ಬೀದಿಯಲ್ಲಿ ಹೋಗುತ್ತಿದ್ದ ತರಕಾರಿಯವನನ್ನು ಸೊಪ್ಪು ಬಾಡಿದೆಯೆಂದು ಬೈದು, ಗೋಡೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲವಂತೆ. ಹಾಸಿಗೆ ಹಿಡಿಯಲಿಲ್ಲ, ಇನ್ನೊಬ್ಬರ ಕೈಯಲ್ಲಿ ಗಂಜಿ ಕುಡಿಸಿಕೊಳ್ಳಲಿಲ್ಲ. ಕೇಳಿ ನನ್ನ ಬಾಯಿಂದ ಮೊದಲು ಬಂದದ್ದು "ಸದ್ಯ" ಎನ್ನುವ ಮಾತು. ತಮ್ಮನೂ "ಹೂಂ ಅಕ್ಕ, ಸದ್ಯ" ಎಂದ. ಆ ಓಣಿಯಲ್ಲಿ ಬೆಳೆದವರಿಗಲ್ಲದೆ ಬೇರೆಯವರಿಗೆ ಇದು ಕೆಟ್ಟ ಮಾತಾಗಿ ಕೇಳಿಸೀತು. ಏಕೆಂದರೆ ಅದು ಅವರದೇ ಮಾತು. ಸಂತೋಷವಾದರೂ, ಗಂಡಾಂತರ ಕಳೆದರೂ, ಮಳೆ ಬರುವ ಮೊದಲು ಹಪ್ಪಳ ಒಳಗೆ ಬಂದರೂ ದೊಡ್ಡಮ್ಮ ಎದೆಯ ಮೇಲೆ ಕೈಯಿಟ್ಟು "ಸದ್ಯ" ಅನ್ನುತ್ತಿದ್ದರು. ಅದಕ್ಕಿಂತ ದೊಡ್ಡ ಸಂಭ್ರಮವನ್ನು ಅವರು ತೋರಿಸಿದ್ದು ನನಗೆ ನೆನಪಿಲ್ಲ.

ಊರು ಅವರನ್ನು ಚಾರ್ಜಮ್ಮ ಎಂದು ಕರೆಯುತ್ತಿತ್ತು. ನಿಜವಾದ ಹೆಸರನ್ನು ನಾನು ಬರೆಯುವುದಿಲ್ಲ. ಹೆಸರು ಹಿಡಿದು ಕರೆದರೆ ಅವರಿಗೆ ಆಗುತ್ತಿರಲಿಲ್ಲ. ಅವರ ಯಜಮಾನರು ಲಾರಿ, ಟ್ರ್ಯಾಕ್ಟರುಗಳ ವೈರಿಂಗ್ ಮಾಡುತ್ತ, ಮನೆಯ ಮುಂದಿನ ಕೋಣೆಯಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇಟ್ಟುಕೊಂಡಿದ್ದರು. ನಾನು ಲಂಗ ಉಡುವ ವಯಸ್ಸಿನಲ್ಲಿ ಅವರು ಹೋಗಿಬಿಟ್ಟರು. ಮಣ್ಣು ಮಾಡಲು ಬಂದ ನೆಂಟರೆಲ್ಲ ಚಾರ್ಜ್ ಮಾಡುವ ಯಂತ್ರವನ್ನು ಯಾರಿಗೆ ಮಾರಬೇಕೆಂದು ಮಾತಾಡಿಕೊಳ್ಳುತ್ತಿದ್ದರೆ, ದೊಡ್ಡಮ್ಮ ಎದ್ದುಹೋಗಿ ಗಂಡನ ಖಾಕಿ ಅಂಗಿಯನ್ನು ಸೀರೆಯ ಮೇಲೆ ತೊಟ್ಟುಕೊಂಡು ಬಂದು ಅಂಗಡಿಯ ಬಾಗಿಲು ತೆಗೆದರಂತೆ. ಆ ಅಂಗಿಯನ್ನು ನಾನು ಎಷ್ಟೋ ವರ್ಷ ನೋಡಿದ್ದೇನೆ. ಆಸಿಡ್ ಬಿದ್ದು ಬಿದ್ದು ಅದು ಅಂಗಿಗಿಂತ ಹೆಚ್ಚಾಗಿ ಜರಡಿಯಾಗಿತ್ತು. ಸೀರೆಗಳೂ ಅಷ್ಟೇ. ಅವರ ಮನೆಯ ಹಿತ್ತಲಲ್ಲಿ ಬಟ್ಟೆ ಒಣಹಾಕಿದ್ದರೆ ಆ ಕಡೆಯ ಆಕಾಶ ಕಾಣಿಸುತ್ತಿತ್ತು.

ಅಂಗಡಿಯ ಕೆಲಸವಲ್ಲದೆ ನಮ್ಮ ಓಣಿಯ ಬಾಣಂತನಗಳೂ ಅವರದೇ ಕಾರುಬಾರು. ಹೆರಿಗೆಗೆಂದು ತವರಿಗೆ ಬಂದ ಯಾವ ಹುಡುಗಿಯೂ ಅವರ ಕೈಯ ಎಣ್ಣೆನೀರು ತಪ್ಪಿಸಿಕೊಂಡು ಹೋದದ್ದಿಲ್ಲ. ಹಾಗಾಗಿ ಅವರಿಗೆ ಬ್ಯಾಟರಿಯ ಭಾಷೆಯೂ ಬಾಣಂತಿಯ ಭಾಷೆಯೂ ಒಂದೇ ಆಗಿಬಿಟ್ಟಿತ್ತು. ಬ್ಯಾಟರಿಯನ್ನು ಬರಿಯ ಸಿಮೆಂಟು ನೆಲದ ಮೇಲೆ ಇಡುವಂತಿಲ್ಲ, ಹಲಗೆ ಬೇಕು. ಥಂಡಿ ಹೊಡೆಯಬಾರದು, ಗೋಣಿಚೀಲ ಸುತ್ತಬೇಕು. ಚಾರ್ಜಿಗೆ ಹಾಕಿದ ಮೇಲೆ ಆಗಾಗ ಅಂಗೈ ಇಟ್ಟು ಜ್ವರ ನೋಡಬೇಕು. ಬಿಸಿಯೇರಿದರೆ ಕರೆಂಟು ತೆಗೆದು ತಣಿಯಲು ಬಿಡಬೇಕು. ಒಮ್ಮೆ ಹೊನ್ನಾಳಿ ಕಡೆಯ ಒಬ್ಬ ಟ್ರ್ಯಾಕ್ಟರಿನ ಗೌಡರು ಸತ್ತಂತಾಗಿದ್ದ ಬ್ಯಾಟರಿಯನ್ನು ಬೆಳಿಗ್ಗೆ ತಂದಿಟ್ಟು, ಮಧ್ಯಾಹ್ನದ ಬಸ್ಸಿಗೆ ಕೊಡಿ ಎಂದು ಕೂತುಬಿಟ್ಟರು.

"ಜೋರಾಗಿ ಕರೆಂಟ್ ಕೊಟ್ರೆ ಆಗ್ತೈತಂತಲ್ರೀ, ದಾವಣಗೆರ್‍ಯಾಗೆ ಹಂಗೇ ಮಾಡ್ತಾರೆ."

"ಗೌಡ್ರೇ, ನಿಮ್ಮನ್ಯಾಗೆ ಬಾಣಂತಿಗೆ ಮೊದಲ್ನೇ ದಿನನೇ ಹೋಳಿಗೆ ಊಟ ಹಾಕ್ತೀರೇನ್ರಿ?"

"ಅದೆಲ್ಲಿ ಹಾಕ್ತಾರ್ರೀ."

"ಮತ್ತೆ ಇದಕ್ಕೆ ಯಾಕೆ ಹಾಕಾಕೆ ಹೇಳ್ತೀರಿ? ನಾಳೆ ಸಂಜಿಗೆ ಬರ್ರಿ. ಅಷ್ಟು ಅವಸರ ಇದ್ರೆ ಎತ್ಕಂಡು ದಾವಣಗೆರೆಗೆ ಹೋಗ್ರಿ, ಬಸ್ಸು ಅಲ್ಲೇ ನಿಂತೈತೆ."

ಗೌಡರು ಮಾರನೆಯ ಸಂಜೆಯೇ ಬಂದರು. ಬರದೆ ಏನು ಮಾಡುತ್ತಾರೆ?

ದೊಡ್ಡಮ್ಮನ ಪಥ್ಯವನ್ನು ನಾವು ಮಕ್ಕಳೂ ಬಾಯಿಪಾಠ ಮಾಡಿದ್ದೆವು. ಬ್ಯಾಟರಿಯನ್ನು ಪೂರ್ತಿ ತುಂಬಿಸಬೇಕು, ಆದರೆ ನಿಧಾನಕ್ಕೆ ತುಂಬಿಸಬೇಕು. ತುಂಬಿದ ಮೇಲೆ ಕುದಿಸಬಾರದು. ಎಲ್ಲಕ್ಕಿಂತ ದೊಡ್ಡ ಪಾಪವೆಂದರೆ ಖಾಲಿ ಮಾಡಿ ಮೂಲೆಗೆ ಬಿಸಾಕುವುದು. ಸೂಳೆಕೆರೆಯ ಸುತ್ತಲಿನ ಹಳ್ಳಿಗಳಿಂದ ರೇಡಿಯೋದ ಬ್ಯಾಟರಿಗಳು ಬರುತ್ತಿದ್ದವು. ಅಲ್ಲಿನವರು ನಾಟಿ, ಕೊಯ್ಲು ಎಂದು ರೇಡಿಯೋ ಮರೆತು, ಹಾಡು ಎಳೆದಾಡಿ ನಿಂತಿದ್ದ ಬ್ಯಾಟರಿಯನ್ನು ಹಾಗೆಯೇ ಅಟ್ಟಕ್ಕೆ ಹಾಕಿ, ಹಬ್ಬದ ಹೊತ್ತಿಗೆ ಇಳಿಸಿಕೊಂಡು ಬರುತ್ತಿದ್ದರು. ಆಗ ದೊಡ್ಡಮ್ಮನ ಬಾಯಿಗೆ ಸಿಕ್ಕವರನ್ನು ಆ ಶಿವನೇ ಕಾಯಬೇಕು. "ಹಸಕಂಡು ಮಲಗಿದ್ದನ್ನ ಈಗ ಎಬ್ಬಿಸಿ ಹಾಡು ಅಂದ್ರೆ ಹೆಂಗೆ ಹಾಡ್ತೈತೆ?" ಎಂದು ಬೈಯುತ್ತಲೇ ಅದರ ಬಿರಡೆಗಳನ್ನು ಬಿಚ್ಚಿ, ರಬ್ಬರ್ ಬುರುಡೆಯ ಗಾಜಿನ ಕೊಳವೆಯಿಂದ ಒಳಗಿನ ಆಸಿಡ್ ಎಳೆದು, ಕೊಳವೆಯಲ್ಲಿ ತೇಲುವ ಕಡ್ಡಿ ಎಷ್ಟು ಮೇಲೆ ನಿಂತಿದೆಯೆಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಕಡ್ಡಿ ಮುಳುಗಿದ್ದರೆ ಬ್ಯಾಟರಿ ಹಸಿದಿದೆ ಎಂದರ್ಥ. ಮಾರನೆಯ ದಿನ ಕಡ್ಡಿ ಮೇಲೇರಿ ನಿಂತರೆ, ಎದೆಯ ಮೇಲೆ ಕೈ, "ಸದ್ಯ."

ಈಚೆಗೆ ನನ್ನ ಮಗ ಕರೆಂಟಿನ ಕಾರು ತಂದಿದ್ದಾನೆ. ಅದನ್ನು ಪೂರ್ತಿ ಚಾರ್ಜ್ ಮಾಡುವುದಿಲ್ಲ, ಮುಕ್ಕಾಲು ದಾಟುತ್ತಲೇ ನಿಲ್ಲಿಸುತ್ತಾನೆ. ದಿನಾ ಪೂರ್ತಿ ತುಂಬಿಸಿದರೆ ಆಯಸ್ಸು ಕಡಿಮೆಯಂತೆ, ತೀರಾ ಖಾಲಿ ಮಾಡಿದರೂ ಕಡಿಮೆಯಂತೆ. ಅದು ಬೇರೆ ಜಾತಿಯ ಬ್ಯಾಟರಿ, ಪಥ್ಯವೂ ಬೇರೆ. ದೊಡ್ಡಮ್ಮ ನೋಡಿದ್ದರೆ "ಊಟದ ನಡುವೆ ಎಲೆ ಎತ್ತಿಸ್ತೀಯೇನೋ" ಎಂದು ಜಗಳಕ್ಕೆ ನಿಲ್ಲುತ್ತಿದ್ದರು. ಆದರೂ ಅವನು ಊರಿಗೆ ಹೊರಡುವ ಮುಂಚೆ ಮಾತ್ರ ಪೂರ್ತಿ ತುಂಬಿಸಿಕೊಂಡು ಕೂಡಲೇ ಹೊರಡುವುದನ್ನು ಕಂಡು, ಇವನಿಗೂ ಒಂದಿಷ್ಟು ಬಾಣಂತನ ಗೊತ್ತಿದೆ ಎಂದುಕೊಂಡೆ.

ಅವರು ಹೇಳಿದ್ದೆಲ್ಲ ಸರಿಯೆಂದು ನಾನು ಹೇಳುತ್ತಿಲ್ಲ. ಸಿಮೆಂಟು ನೆಲ ಬ್ಯಾಟರಿಯ ಕರೆಂಟು ಕುಡಿಯುತ್ತದೆ ಎಂಬುದು ಸುಳ್ಳು. ಪಾಲಿಟೆಕ್ನಿಕ್ ಓದುತ್ತಿದ್ದ ನಮ್ಮ ಸೋದರತ್ತೆಯ ಮಗ ರಜೆಗೆ ಬಂದಾಗ ಅದನ್ನು ಚೆನ್ನಾಗಿಯೇ ಬಿಡಿಸಿ ಹೇಳಿದ. ದೊಡ್ಡಮ್ಮ ಕೊನೆಯವರೆಗೂ ಕೇಳಿಸಿಕೊಂಡು, "ನೆಲಕ್ಕೆ ಬಾಯಿಲ್ಲ ಅಂತೀಯ. ಹಂಗಾದ್ರೆ ನಿನ್ನ ಹೆತ್ತಾಗ ನಿಮ್ಮವ್ವನ್ನ ಬರೀ ನೆಲದ ಮ್ಯಾಲೆ ಯಾಕೆ ಮಲಗಿಸ್ಲಿಲ್ಲ ಅಂತ ಕೇಳ್ಕಂಡು ಬಾ, ಹೋಗು" ಎಂದರು. ಅವನು ಪಾಸಾಗಿ ಕೆಲಸಕ್ಕೆ ಸೇರಿದ. ಹಲಗೆಗಳು ಇದ್ದಲ್ಲೇ ಇದ್ದವು.

ಆ ಹಲಗೆಗಳಲ್ಲಿ ಒಂದು ಮಾತ್ರ ಬಾಗಿಲ ಪಕ್ಕದಲ್ಲಿ, ಉಳಿದವುಗಳಿಂದ ದೂರ ಇತ್ತು. ಅದರ ಮೇಲಿದ್ದದ್ದು ಅವರ ಸ್ವಂತ ಬ್ಯಾಟರಿ. ಯಜಮಾನರು ತೀರಿಕೊಂಡ ವರ್ಷ ಕೊಂಡದ್ದು. ಬೇರೆಯವರ ಬ್ಯಾಟರಿಗಳು ಬಂದು, ಬಾಳಿ, ಸತ್ತುಹೋದರೂ ಅದು ಬದುಕಿತ್ತು. ಅದರ ಕೆಲಸ ಸಂಜೆ ಹೊತ್ತು ರೇಡಿಯೋ ಹಾಡಿಸುವುದು, ಅಷ್ಟೇ. ವಾರಕ್ಕೊಮ್ಮೆ ಅದಕ್ಕೆ ನಿಧಾನಕ್ಕೆ ಚಾರ್ಜು, ಬಿರಡೆಯ ಸುತ್ತ ಒರೆಸಿ ವಿಭೂತಿಯ ಒಂದು ಗೀರು. ಎಂಥ ಕಷ್ಟ ಹೇಳಿಕೊಂಡು ಬಂದರೂ ಅದನ್ನು ಬಾಡಿಗೆಗೆ ಕೊಟ್ಟವರಲ್ಲ. ಕಾರಿನ ಸೆಲ್ಫ್ ಒಂದು ಸಲ ಎಳೆದರೆ ಅದರ ಪ್ರಾಣ ಅರ್ಧ ಹೋಗುತ್ತದೆ ಎನ್ನುತ್ತಿದ್ದರು.

"ಏನವ್ವ, ಅದನ್ನ ಸ್ವರ್ಗಕ್ಕೆ ತಗಂಡು ಹೋಗ್ತೀಯಾ?" ಎಂದು ನಮ್ಮಪ್ಪ ಛೇಡಿಸುತ್ತಿದ್ದರು.

"ನೀನು ಬಂದ್ರೆ ನಿನ್ ಕೈಲೇ ಹೊರಿಸ್ಕಂಡು ಹೋಗ್ತೀನಿ" ಎನ್ನುತ್ತಿದ್ದರು ದೊಡ್ಡಮ್ಮ. ಇಬ್ಬರದೂ ಒಂದೇ ವಯಸ್ಸು, ಒಂದೇ ಗೋಡೆಯ ಎರಡು ಮಗ್ಗುಲ ಮನೆ. ಜಗಳವಿಲ್ಲದ ದಿನ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲಲ್ಲಿ ನನ್ನ ಮದುವೆ ಕೂಡಿಬಂತು. ಕೂಡಿಬಂತು ಎಂದು ಹಗುರಾಗಿ ಬರೆದುಬಿಟ್ಟೆ. ಅದಕ್ಕೆ ಮೊದಲು ಒಂದು ಸಂಬಂಧ ಮಾತುಕತೆಯ ಹಂತಕ್ಕೆ ಬಂದು, ಹೊರಡುವಾಗ ಹಲ್ಲಿ ಲೊಚಗುಟ್ಟಿತೆಂದು ಮುರಿದುಹೋಗಿತ್ತು. ಅಂದಿನಿಂದ ಅಪ್ಪ ಮನೆಯ ಗೋಡೆಗಳನ್ನೆಲ್ಲ ಅನುಮಾನದಿಂದ ನೋಡುವುದನ್ನು ಕಲಿತಿದ್ದರು. ಈಗ ಒಪ್ಪಿದವರು ಜಗಳೂರಿನವರು. ಹುಡುಗ ಒಳ್ಳೆಯವನು, ಅವನ ತಂದೆತಾಯಿಯೂ ಒಳ್ಳೆಯವರು. ಆದರೆ ಆ ಮನೆಯಲ್ಲಿ ಮಾತು ನಡೆಯುತ್ತಿದ್ದದ್ದು ಹುಡುಗನ ಸೋದರಮಾವನದು. ಅವರಿಗೆ ಶಕುನದ ಹುಚ್ಚು. ಬೆಕ್ಕು, ಸೀನು, ಖಾಲಿ ಕೊಡ, ಎಲ್ಲಕ್ಕೂ ಅವರಲ್ಲಿ ಒಂದು ಅರ್ಥ ಇತ್ತು. ಮದುಮಕ್ಕಳು ಕೂತ ಕಾರನ್ನು ತಳ್ಳಬಾರದು, ಕೂತ ಮೇಲೆ ಇಳಿಯಲೂಬಾರದು ಎಂದು ಅವರು ಮುಂಚೆಯೇ ಹೇಳಿ ಕಳಿಸಿದ್ದರು. ಸವಳಂಗದ ಕಡೆ ಯಾರದೋ ಮದುವೆಯ ಕಾರು ತಳ್ಳಿಸಿಕೊಂಡು, ಆ ಹುಡುಗಿ ಆರು ತಿಂಗಳಿಗೇ ತವರಿಗೆ ಬಂದು ಕೂತಳು ಎಂಬ ಕಥೆಯನ್ನೂ ಸೇರಿಸಿದ್ದರು.

ಅಪ್ಪನಿಗೆ ನಿದ್ದೆ ಹಾರಿಹೋಯಿತು. ಬಸವಾಪಟ್ಟಣದಿಂದ ಬಾಡಿಗೆಗೆ ಗೊತ್ತು ಮಾಡಿದ ಕಾರು ಮದುವೆಗೆ ಎರಡು ದಿನ ಮುಂಚೆಯೇ ಬಂದು ನಿಲ್ಲುವಂತೆ ಮಾಡಿದರು. ಡ್ರೈವರ್ ಬೇಡವೆಂದರೂ ಬ್ಯಾಟರಿ ಬಿಚ್ಚಿಸಿ ದೊಡ್ಡಮ್ಮನ ಅಂಗಡಿಯಲ್ಲಿ ಇಳಿಸಿದರು. ದೊಡ್ಡಮ್ಮ ಅದಕ್ಕೆ ಹಗಲೂ ರಾತ್ರಿ ನಿಧಾನಕ್ಕೆ ಉಣ್ಣಿಸಿ, ಮದುವೆಯ ದಿನ ಬೆಳಿಗ್ಗೆ ನಮ್ಮ ಜಗಲಿಯ ಮೇಲೆ ಹಲಗೆ ಹಾಕಿ ಇಟ್ಟುಹೋದರು. ಹೋಗುವಾಗ ಹಿತ್ತಲ ಬಾಗಿಲಿಗೆ ನನ್ನನ್ನು ಕರೆದು ತಲೆಯ ಮೇಲೆ ನಾಲ್ಕು ಅಕ್ಕಿಕಾಳು ಹಾಕಿ, "ಹೋಗು, ನಾನು ಇನ್ನು ಆ ಕಡೆ ಬರಲ್ಲ" ಎಂದರು. ಗಂಡ ಸತ್ತವರು ಮದುಮಕ್ಕಳ ಎದುರಿಗೆ ಬರಬಾರದೆಂಬುದು ಯಾರೂ ಬಾಯಿಬಿಟ್ಟು ಹೇಳದ, ಎಲ್ಲರಿಗೂ ಗೊತ್ತಿದ್ದ ಮಾತು. ಊರಿನ ಹೆಣ್ಣುಮಕ್ಕಳಿಗೆಲ್ಲ ಬಾಣಂತನ ಮಾಡಿದ ಕೈ ಅದು. ನನಗೆ ಅಳು ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಹಸೆಮಣೆ ಏರಿದೆ.

ಮದುವೆ ಚೆನ್ನಾಗಿಯೇ ಆಯಿತು. ಊಟ ಮುಗಿದು, ಹೆಣ್ಣು ಒಪ್ಪಿಸಿಕೊಡುವ ಶಾಸ್ತ್ರವೂ ಮುಗಿದು, ನಾವಿಬ್ಬರೂ ಹೂವಿನ ಸರ ಇಳಿಬಿಟ್ಟ ಕಾರಿನಲ್ಲಿ ಕೂತೆವು. ಬ್ಯಾಟರಿಯನ್ನು ಡ್ರೈವರ್ ಆಗಷ್ಟೇ ಕೂರಿಸಿದ್ದ. ದೊಡ್ಡಮ್ಮ ಚಾರ್ಜ್ ಮಾಡಿದ್ದನ್ನು ಪರೀಕ್ಷೆ ಬೇರೆ ಮಾಡಬೇಕೇ ಎಂದು ಅವನು ಒಮ್ಮೆಯೂ ಶುರು ಮಾಡಿ ನೋಡಿರಲಿಲ್ಲ. ಸೆಲ್ಫ್ ಒತ್ತಿದ. ಕಟ್ ಎಂದಿತು. ಮತ್ತೆ ಒತ್ತಿದ. ಆ ಕಟ್ ಕೂಡ ಬರಲಿಲ್ಲ.

ವಾಲಗದವರು ಒಬ್ಬೊಬ್ಬರಾಗಿ ನಿಲ್ಲಿಸಿದರು. ಕಿಟಕಿಯಾಚೆ ಸೋದರಮಾವನ ಮುಖ ಕಂಡಿತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಹಿಂದಿನಿಂದ ಕೆಲವು ಹುಡುಗರು ತಳ್ಳಲು ಬಂದರೆ, "ಕೈ ಹಚ್ಚಬ್ಯಾಡ್ರಿ" ಎಂದು ಸೋದರಮಾವ ಅಲ್ಲೇ ತಡೆದರು. ನನ್ನ ಯಜಮಾನರು ಇಳಿಯಲು ಕಾಲು ಹೊರಗೆ ಚಾಚಿದರೆ, "ಇಳೀಬ್ಯಾಡ" ಎಂದು ಗದರಿಸಿದರು. ತಳ್ಳುವಂತಿಲ್ಲ, ಇಳಿಯುವಂತಿಲ್ಲ, ಕಾರು ಹೊರಡುವುದಿಲ್ಲ. "ಮೊದಲ್ನೇ ಹೆಜ್ಜಿಗೇ ಹಿಂಗಾದ್ರೆ ಮುಂದೆ ಹೆಂಗೆ?" ಎಂದು ಅವರು ನನ್ನ ಮಾವನವರ ಕಡೆ ತಿರುಗಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಹಲ್ಲಿ ಲೊಚಗುಟ್ಟಿದ್ದಕ್ಕೇ ಒಂದು ಸಂಬಂಧ ಹೋಗಿತ್ತು. ತಾಳಿ ಕಟ್ಟಿಸಿಕೊಂಡ ಮೇಲೆ ಅಪಶಕುನದ ಸೊಸೆ ಎನಿಸಿಕೊಂಡು ಆ ಮನೆಯ ಹೊಸ್ತಿಲು ದಾಟಿದರೆ ನನ್ನ ಬಾಳೇನು ಎಂದು ಯೋಚಿಸುವಷ್ಟು ಬುದ್ಧಿ ನನಗಿತ್ತು.

ಆಗ ದೊಡ್ಡಮ್ಮ ಅಂಗಡಿಯ ಬಾಗಿಲ ಹಿಂದಿನಿಂದ ಬಂದರು. ಅದೇ ಜರಡಿಯ ಅಂಗಿ, ಕೈಯಲ್ಲಿ ನಟ್ಟು ಬಿಚ್ಚುವ ಪಾನಾ. ನಮ್ಮ ಕಡೆ ನೋಡಲೇ ಇಲ್ಲ. ಮುಂದಿನ ಮುಚ್ಚಳ ಎತ್ತಿಸಿ, ಬ್ಯಾಟರಿಯ ಒಂದು ಬಿರಡೆ ಬಿಚ್ಚಿ, ಬೆರಳದ್ದಿ ಮೂಗಿಗೆ ಹಿಡಿದರು. ಆಮೇಲೆ ತಲೆಯೆತ್ತಿ ಸುತ್ತಲೂ ನೋಡುತ್ತ ನೋಡುತ್ತ ಅಪ್ಪನ ಹತ್ತಿರ ಬಂದು ನಿಂತಿತು ಅವರ ಕಣ್ಣು. ಅಪ್ಪ ಮದುವೆಗೆಂದು ತೆಗೆಸಿದ ಹೊಸ ಪಂಚೆಯನ್ನು ಮೊಣಕಾಲ ಹತ್ತಿರ ಮುದುಡಿ ಹಿಡಿದುಕೊಂಡಿದ್ದರು.

"ಏನ್ ದೊಡ್ಡಮ್ಮ, ನಿಮ್ ಚಾರ್ಜು ಹಿಂಗಾ?" ಎಂದ ಡ್ರೈವರ್. ಪಾಪ, ಅವನ ಮರ್ಯಾದೆಯೂ ಹೋಗುತ್ತಿತ್ತು.

ನಾನು ದೊಡ್ಡಮ್ಮನನ್ನು ಬಲ್ಲೆ. ಅರೆ ಚಾರ್ಜಿನ ಬ್ಯಾಟರಿ ಕೊಟ್ಟೆ ಎಂಬ ಮಾತನ್ನು ಅವರು ದೇವರ ಬಾಯಿಂದಲೂ ಕೇಳಿಸಿಕೊಳ್ಳುವವರಲ್ಲ. ಈಗ ಕಾರಿನ ಸುತ್ತ ನಿಂತವರು ಯಾರಾದರೂ ಸುಟ್ಟುಹೋಗುತ್ತಾರೆ ಎಂದು ಕಾದೆ. ಅವರು ಸ್ವಲ್ಪ ಹೊತ್ತು ಪಾನಾವನ್ನು ಸೆರಗಿನಿಂದ ಒರೆಸಿದರು.

"ಹೂನಪ್ಪ. ನಂದೇ ತಪ್ಪು. ಮದುವಿ ಗದ್ದಲದಾಗೆ ಪೂರ್ತಿ ಚಾರ್ಜ್ ಆಗೋ ಮುಂಚೆನೇ ಬಿಚ್ಚಿಬಿಟ್ಟೆ. ಗಾಡೀದೂ ತಪ್ಪಿಲ್ಲ, ಗಳಿಗೇದೂ ತಪ್ಪಿಲ್ಲ."

ಆಮೇಲೆ ಒಳಗೆ ಹೋಗಿ, ಬಾಗಿಲ ಪಕ್ಕದ ಹಲಗೆಯ ಮೇಲಿದ್ದ ತಮ್ಮ ಬ್ಯಾಟರಿಯನ್ನು ಎರಡೂ ಕೈಯಲ್ಲಿ ಹೊಟ್ಟೆಗೆ ಅವಚಿಕೊಂಡು ಹೊತ್ತು ತಂದರು. ಯಾರಾದರೂ ಸಹಾಯಕ್ಕೆ ಹೋದರೆ ಕೊಡಲಿಲ್ಲ. ಕಾರಿನ ಮುಂದೆ ಬರುತ್ತಿದ್ದಂತೆ ಸೋದರಮಾವ ಅಡ್ಡ ಬಂದು, "ತಾಯೀ, ಮದುಮಕ್ಳ ಎದುರಿಗೆ ನೀವು..." ಎಂದು ತಡವರಿಸಿದರು.

"ಶಕುನ ನೋಡೋರು ಆ ಕಡಿ ತಿರುಗಿ ನಿಂತ್ಕಳ್ರಿ" ಎಂದರು ದೊಡ್ಡಮ್ಮ, ಭಾರ ಇಳಿಸದೆ. "ಇಲ್ಲಾಂದ್ರೆ ಹುಡುಗ್ರನ್ನ ಇಳಿಸ್ಕಂಡು ಬಸ್ಸಿಗೆ ಕರ್ಕಂಡು ಹೋಗ್ರಿ. ಯಾವುದಾದ್ರೂ ಬೇಗ ಹೇಳ್ರಿ, ಇದು ಭಾರ ಐತೆ."

ಸೋದರಮಾವ ಸ್ವಲ್ಪ ಯೋಚಿಸಿದರು. ಇಳಿಯುವುದು ದೊಡ್ಡ ಅಪಶಕುನವೋ ಇದೋ ಎಂದು ಲೆಕ್ಕ ಹಾಕಿದರೆಂದು ಕಾಣುತ್ತದೆ. ಕೊನೆಗೆ ನಮ್ಮ ಮನೆಯ ಗೋಡೆಯ ಕಡೆ ಮುಖ ಮಾಡಿ, ಕೈ ಕಟ್ಟಿಕೊಂಡು, ಶಾಲೆಯಲ್ಲಿ ಶಿಕ್ಷೆಗೆ ನಿಂತವರಂತೆ ನಿಂತುಬಿಟ್ಟರು. ಆ ಹೊತ್ತಿನಲ್ಲೂ ನನ್ನ ಯಜಮಾನರಿಗೆ ನಗು ತಡೆಯಲಾಗಲಿಲ್ಲ. ಮದುವೆಯಾದ ಮೇಲೆ ನಾನು ಅವರನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಆಗಲೇ.

ದೊಡ್ಡಮ್ಮ ವೈರುಗಳನ್ನು ಬಿಗಿದರು. ಒಮ್ಮೆ ಅಂಗೈಯನ್ನು ಬ್ಯಾಟರಿಯ ಮೇಲೆ ಇಟ್ಟು ತೆಗೆದರು. ರೇಡಿಯೋ ಬಿಟ್ಟು ಬೇರೆ ಏನನ್ನೂ ಎಳೆಯದ ಆ ಮುದಿ ಬ್ಯಾಟರಿ ಕಾರಿನ ಎಂಜಿನ್ ತಿರುಗಿಸೀತು ಎಂಬ ನಂಬಿಕೆ ಅವರಿಗೇ ಇತ್ತೋ ಇಲ್ಲವೋ. "ಒಂದೇ ಸಲ ಒತ್ತು" ಎಂದರು ಡ್ರೈವರನಿಗೆ. ಅವನು ಒತ್ತಿದ. ಎಂಜಿನ್ ಒಮ್ಮೆ ನರಳಿ, ಇನ್ನೊಮ್ಮೆ ನರಳಿ, ಗುಡುಗಿಕೊಂಡು ಹತ್ತಿಕೊಂಡಿತು. ವಾಲಗ ಶುರುವಾಯಿತು. ಆ ಗದ್ದಲದಲ್ಲಿ ಅವರ ದನಿ ನನಗೆ ಕೇಳಿಸಲಿಲ್ಲ. ಎದೆಯ ಮೇಲೆ ಕೈ ಹೋದದ್ದು ಮಾತ್ರ ಕಂಡಿತು.

ಜಗಳೂರು ಮುಟ್ಟುವವರೆಗೆ ಡ್ರೈವರ್ ಎಂಜಿನ್ ಆರಿಸಲಿಲ್ಲ. ದಾವಣಗೆರೆಯಲ್ಲಿ ಚಹಾ ಕುಡಿಯೋಣವೆಂದ ಯಜಮಾನರ ಗೆಳೆಯನಿಗೆ ಕಾರಿನೊಳಗೇ ಲೋಟ ತರಿಸಿಕೊಟ್ಟ. ಹೊಸ ಮನೆಯ ಮುಂದೆ ಆರತಿ ಎತ್ತುವಾಗಲೂ ಕಾರು ಗುಡುಗುತ್ತಲೇ ಇತ್ತು, ಅತ್ತೆಯ ಹಾಡು ಯಾರಿಗೂ ಕೇಳಿಸಲಿಲ್ಲ. ಸೇರು ಒದ್ದು ಒಳಗೆ ಬಂದಾಗ ನನಗಾದ ನಿರಾಳ ಹೇಳತೀರದು. ಯಾರೂ ನನ್ನನ್ನು ಅಪಶಕುನ ಎನ್ನಲಿಲ್ಲ. ತಪ್ಪು ಚನ್ನಗಿರಿಯ ಯಾವುದೋ ಚಾರ್ಜಮ್ಮನದು ಎಂದು ತೀರ್ಮಾನವಾಗಿತ್ತು, ಸೋದರಮಾವನೇ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ನನಗೂ ದೊಡ್ಡಮ್ಮನ ಮೇಲೆ ಸ್ವಲ್ಪ ಮುನಿಸಿತ್ತು. ನನ್ನ ಮದುವೆಯ ದಿನವೇ ಹೀಗೆ ಮಾಡಬೇಕಿತ್ತೇ?

ಪಂಚಮಿ ಹಬ್ಬಕ್ಕೆ ತವರಿಗೆ ಬಂದೆ. ದೊಡ್ಡಮ್ಮನ ಅಂಗಡಿಯಲ್ಲಿ ಬ್ಯಾಟರಿಗಳು ಕಡಿಮೆಯಾಗಿದ್ದವು. ಚಾರ್ಜಮ್ಮನ ಕೈಯೂ ಮದುವೆಯ ದಿನವೇ ಕೈಕೊಟ್ಟಿತಂತೆ ಎಂದು ಊರಲ್ಲಿ ಸುದ್ದಿಯಾಗಿ, ಪಕ್ಕದ ಹಳ್ಳಿಯ ಒಂದು ಮದುವೆಯವರು ಅವರ ಅಂಗಡಿಯ ಮುಂದೆಯೇ ಹಾದು ದಾವಣಗೆರೆಗೆ ಹೋಗಿದ್ದರು. ಇದನ್ನು ಅಮ್ಮ ಹೇಳುತ್ತಿರುವಾಗ ಅಪ್ಪ ತಟ್ಟನೆ ಎದ್ದುಹೋಗಿ, ಪೆಟ್ಟಿಗೆಯಿಂದ ಮದುವೆಯ ಪಂಚೆ ತಂದು ನನ್ನ ಮುಂದೆ ಹರಡಿದರು. ಮೊಣಕಾಲಿನ ಹತ್ತಿರ ಅಷ್ಟೂ ತೂತು. ದೊಡ್ಡಮ್ಮನ ಸೀರೆಯಲ್ಲಿ ಇರುವಂಥವೇ.

ಮದುವೆಯ ಬೆಳಿಗ್ಗೆ ಅಪ್ಪನಿಗೆ ಧೈರ್ಯ ಸಾಲದೆ ದೇವಸ್ಥಾನದಿಂದ ಒಂದು ತಂಬಿಗೆ ತೀರ್ಥ ತಂದಿದ್ದರಂತೆ. ಜಗಲಿಯ ಮೇಲಿದ್ದ ಬ್ಯಾಟರಿಯ ಬಿರಡೆ ಬಿಚ್ಚಿ ನೋಡಿದರೆ ಒಳಗೆ ಜಾಗವಿರಲಿಲ್ಲ. ಹಳೆಯ ನೀರು ಇದ್ದರೇನು, ಬಿಟ್ಟರೇನು ಎಂದು ಅದನ್ನು ಕೊಟ್ಟಿಗೆಯ ಹಿಂದೆ ಹೊತ್ತುಕೊಂಡು ಹೋಗಿ, ಓರೆ ಮಾಡಿ ಆಸಿಡನ್ನೆಲ್ಲ ಚೆಲ್ಲಿ, ಪಚ್ಚಕರ್ಪೂರದ ತೀರ್ಥ ತುಂಬಿ, ಮತ್ತೆ ಹಲಗೆಯ ಮೇಲೆ ತಂದಿಟ್ಟು ಕೈಮುಗಿದಿದ್ದರು. ಮಗಳ ಕಾರು ಎಲ್ಲೂ ನಿಲ್ಲದಿರಲಿ ಎಂದು.

"ಮೂಸಿ ನೋಡಿದ ಕೂಡ್ಲೇ ಅವಳಿಗೆ ಗೊತ್ತಾಗೇತೆ" ಎಂದರು ಅಪ್ಪ. "ಆಮೇಲೆ ಬೈಯ್ಯವ್ವ ಅಂತ ನಾನೇ ಹೋಗಿ ನಿಂತೆ. ಬೈಲಿಲ್ಲ. ಊರಿಗೆಲ್ಲ ನಿಜ ಹೇಳ್ತೀನಿ ಅಂದೆ. ಬೀಗರ ಕಿವಿಗೆ ಬಿದ್ದಾತು, ಬಾಯಿ ಮುಚ್ಕಂಡಿರು ಅಂದ್ಲು."

ನಾನು ಹಿತ್ತಲಿನಿಂದ ಆ ಮನೆಗೆ ಹೋದೆ. ದೊಡ್ಡಮ್ಮ ಬಾಗಿಲ ಪಕ್ಕದ ಹಲಗೆಯ ಹತ್ತಿರ ಕೂತು ಗಾಜಿನ ಕೊಳವೆಯನ್ನು ಬೆಳಕಿಗೆ ಹಿಡಿದಿದ್ದರು. ಅವರ ಬ್ಯಾಟರಿ ಜಗಳೂರಿನಿಂದ ಮಾರನೆಯ ದಿನವೇ ವಾಪಸು ಬಂದಿತ್ತು. ಆದರೆ ಅಂದಿನಿಂದ ಕಡ್ಡಿ ಪೂರ್ತಿ ಮೇಲೇರುತ್ತಿರಲಿಲ್ಲವಂತೆ, ರೇಡಿಯೋ ವಾರ್ತೆ ಮುಗಿಯುವ ಮೊದಲೇ ಎಳೆದಾಡುತ್ತಿತ್ತಂತೆ.

"ಯಾಕೆ ದೊಡ್ಡಮ್ಮ, ನಿಮ್ ತಪ್ಪು ಅಂತ ಸುಳ್ಳು ಹೇಳಿದ್ರಿ?" ಎಂದೆ.

ಅವರು ಕೊಳವೆಯಲ್ಲಿದ್ದದ್ದನ್ನು ಹನಿ ಚೆಲ್ಲದಂತೆ ಬ್ಯಾಟರಿಯೊಳಗೆ ಬಿಟ್ಟು, ಬಿರಡೆ ತಿರುಗಿಸಿದರು.

"ಬ್ಯಾಟ್ರಿ ಇಳಿದ್ರೆ ಹಲಗಿ ಮ್ಯಾಲೆ ಇಟ್ಟು ತುಂಬಿಸ್ಬೋದವ್ವ. ಬೀಗರ ಮುಂದೆ ನಿಮ್ಮಪ್ಪ ಇಳಿದ್ರೆ ಎಲ್ಲಿಟ್ಟು ತುಂಬಿಸ್ಲಿ?"

ಅವರು ಅಂಗಿಗೆ ಕೈ ಒರೆಸಿಕೊಂಡು, ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿದರು. ಕಡ್ಡಿ ನೋಡುವಾಗ ನೋಡುತ್ತಿದ್ದರಲ್ಲ, ಹಾಗೆಯೇ ಕಣ್ಣು ಕಿರಿದು ಮಾಡಿ ನೋಡಿದರು.

"ಅದಿರ್‍ಲಿ. ಜಗಳೂರಾಗೆ ಹೆಂಗೈತೆ? ಚೆನ್ನಾಗಿ ನೋಡ್ಕಂತಾರಾ?"

"ಹೂಂ ದೊಡ್ಡಮ್ಮ. ಚೆನ್ನಾಗಿ ನೋಡ್ಕಂತಾರೆ."

"ಸದ್ಯ" ಎಂದರು.